ಟ್ಯಾಂಕ್ ಡಿಸ್ಟ್ರಾಯರ್‌ಗಳು ಟ್ಯಾಂಕಿಗಿಂತ ಪರಿಣಾಮಕಾರಿಯಾಗಿದ್ದವೇ? ಆಗಿದ್ದರೆ ಅಮೆರಿಕ ಆ ಪಡೆಯನ್ನು ಏಕೆ ವಿಸರ್ಜಿಸಿತು?

ಶರಾವತಿ ತೀರ:
ಎಲ್ಲರಿಗೂ ನಮಸ್ಕಾರ. ಎರಡನೆಯ ಮಹಾಯುದ್ಧದ ಕವಚವಾಹನಗಳ ಕುರಿತು ಕೆಲವು ತಿಂಗಳಿಂದ ಓದುತ್ತಿದ್ದೇನೆ. ಶತ್ರು ಟ್ಯಾಂಕುಗಳನ್ನು ಹೊಡೆಯಲೆಂದೇ ಕಟ್ಟಿದ ಟ್ಯಾಂಕ್ ಡಿಸ್ಟ್ರಾಯರ್ ವಾಹನಗಳ ಕುರಿತ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ.

1944ರ ಸೆಪ್ಟೆಂಬರ್ 19ರ ಬೆಳಿಗ್ಗೆ ಫ್ರಾನ್ಸಿನ ಲೊರೇನ್ ಪ್ರಾಂತದ ಅರಾಕೂರ್ ಸುತ್ತ ದಟ್ಟವಾದ ಮಂಜು ಕವಿದಿತ್ತು. ಅಮೆರಿಕದ 704ನೆಯ ಟ್ಯಾಂಕ್ ಡಿಸ್ಟ್ರಾಯರ್ ಬೆಟಾಲಿಯನ್ನಿಗೆ ಸೇರಿದ ನಾಲ್ಕು ಎಂ18 ಹೆಲ್‌ಕ್ಯಾಟ್‌ಗಳ ಪ್ಲಟೂನೊಂದು ಗುಡ್ಡದ ಕಡೆಗೆ ಸಾಗುತ್ತಿದ್ದಾಗ, ಮುಂದಿನ ವಾಹನದಲ್ಲಿದ್ದವರಿಗೆ ಮರಗಳ ನಡುವಿನಿಂದ ಜರ್ಮನ್ ಟ್ಯಾಂಕೊಂದರ ಫಿರಂಗಿಯ ಮೂತಿ ಕೆಲವೇ ಅಡಿ ದೂರದಲ್ಲಿ ಹೊರಚಾಚಿರುವುದು ಕಂಡಿತು. ಮೊದಲ ಗುಂಡು ಹೆಲ್‌ಕ್ಯಾಟಿನದೇ ಆಯಿತು. ಆ ಒಂದು ಪ್ಲಟೂನ್ 15 ಟ್ಯಾಂಕುಗಳನ್ನು ಕೆಡವಿದ್ದಾಗಿ ವರದಿ ಮಾಡಿತು. ತನ್ನ ನಾಲ್ಕರಲ್ಲಿ ಮೂರನ್ನು ಕಳೆದುಕೊಂಡಿತು. ಹೆಲ್‌ಕ್ಯಾಟಿನ ಕವಚ ಬಹುಪಾಲು ಕಡೆ 12.7 ಮಿ.ಮೀ. ದಪ್ಪ ಮಾತ್ರ, ಎದುರಿಗಿದ್ದದ್ದು ದಪ್ಪ ಕವಚದ ಜರ್ಮನ್ ಟ್ಯಾಂಕಾದ ಪ್ಯಾಂಥರ್ ಎಂಬುದನ್ನು ನೆನಪಿಟ್ಟುಕೊಂಡರೆ ಇದು ಸಣ್ಣ ಸಾಧನೆಯಲ್ಲ.

ಹೀಗಿದ್ದೂ ಯುದ್ಧ ಮುಗಿದದ್ದೇ ತಡ, 1945ರ ನವೆಂಬರ್‌ನಲ್ಲಿ ಅಮೆರಿಕ ತನ್ನ ಟ್ಯಾಂಕ್ ಡಿಸ್ಟ್ರಾಯರ್ ಕೇಂದ್ರವನ್ನೇ ಮುಚ್ಚಿಬಿಟ್ಟಿತು. ಗೆದ್ದು ಬಂದ ಪಡೆಯನ್ನು ಹೀಗೆ ಕೈಬಿಟ್ಟದ್ದು ತಪ್ಪು ನಿರ್ಧಾರವೆಂದೇ ನನಗೆ ಅನ್ನಿಸುತ್ತದೆ. ಬಲ್ಲವರು ತಿದ್ದಬೇಕು.

ಗಡಿನಾಡ ಓದುಗ:
15 ಎಂಬುದು ಆ ಪ್ಲಟೂನಿನವರೇ ಕೊಟ್ಟ ಲೆಕ್ಕ. ಮಂಜಿನಲ್ಲಿ ಒಂದೇ ಟ್ಯಾಂಕಿಗೆ ಇಬ್ಬರು ಮೂವರು ಹೊಡೆದು, ಎಲ್ಲರೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಎಲ್ಲ ಸೈನ್ಯಗಳಲ್ಲಿಯೂ ನಡೆದಿದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಅದೇ ಅರಾಕೂರಿನಲ್ಲಿ ಅಮೆರಿಕದ ಕ್ರೈಟನ್ ಏಬ್ರಮ್ಸ್ ಅವರ 37ನೆಯ ಟ್ಯಾಂಕ್ ಬೆಟಾಲಿಯನ್ನಿನ ಶರ್ಮನ್ ಟ್ಯಾಂಕುಗಳೂ ಪ್ಯಾಂಥರ್‌ಗಳನ್ನು ಅಷ್ಟೇ ಚೆನ್ನಾಗಿ ಹೊಡೆದವು. ಡಿಸ್ಟ್ರಾಯರ್ ಹೊಡೆದದ್ದನ್ನು ಹೇಳಿ ಪಕ್ಕದಲ್ಲಿದ್ದ ಟ್ಯಾಂಕು ಹೊಡೆದದ್ದನ್ನು ಬಿಟ್ಟರೆ ಅದು ಹೋಲಿಕೆಯೇ ಆಗುವುದಿಲ್ಲ.

ಮೇಷ್ಟ್ರು ದಾವಣಗೆರೆ:
ಪ್ರಶ್ನೆಯನ್ನು ಎರಡಾಗಿ ಸೀಳಿ ನೋಡಬೇಕು: ವಾಹನ ಬೇರೆ, ಆ ವಾಹನವನ್ನು ಹೀಗೆಯೇ ಬಳಸಬೇಕೆಂದು ಹೇಳಿದ ಸಿದ್ಧಾಂತ ಬೇರೆ.

1940ರಲ್ಲಿ ಫ್ರಾನ್ಸ್ ಕೆಲವೇ ವಾರಗಳಲ್ಲಿ ಕುಸಿದದ್ದನ್ನು ಅಮೆರಿಕದ ಸೇನಾಧಿಕಾರಿಗಳು ಬೆಚ್ಚಿ ನೋಡಿದ್ದರು. ಜರ್ಮನ್ ಟ್ಯಾಂಕುಗಳು ಒಂದೇ ಜಾಗಕ್ಕೆ ನೂರುಗಟ್ಟಲೆ ನುಗ್ಗಿ ಸಾಲು ಮುರಿದರೆ ತಡೆಯುವವರಾರು? ಜನರಲ್ ಲೆಸ್ಲಿ ಮೆಕ್‌ನೇರ್ ಅವರ ಉತ್ತರ ಒಬ್ಬ ಲೆಕ್ಕಿಗನ ಉತ್ತರದಂತಿತ್ತು: ದುಬಾರಿ ಟ್ಯಾಂಕನ್ನು ಅಗ್ಗದ ಫಿರಂಗಿಯೇ ಕೆಡವಬಲ್ಲದಾದರೆ ಅದರ ಎದುರಿಗೆ ಇನ್ನೊಂದು ದುಬಾರಿ ಟ್ಯಾಂಕನ್ನು ನಿಲ್ಲಿಸುವುದೇಕೆ? ಹೀಗೆ ಆಂಡ್ರ್ಯೂ ಬ್ರೂಸ್ ಅವರ ನೇತೃತ್ವದಲ್ಲಿ ಟೆಕ್ಸಾಸಿನ ಕ್ಯಾಂಪ್ ಹುಡ್‌ನಲ್ಲಿ ಒಂದು ಪ್ರತ್ಯೇಕ ಪಡೆಯೇ ತಯಾರಾಯಿತು. ಹುಡುಕು, ಹೊಡೆ, ನಾಶಮಾಡು ಎಂಬುದು ಅದರ ಘೋಷವಾಕ್ಯ. ಒಂದು ಬೆಟಾಲಿಯನ್ನಿಗೆ 36 ಫಿರಂಗಿಗಳು. ಅವು ಸಾಲಿನ ಹಿಂದೆ ಕಾದಿದ್ದು, ಶತ್ರು ಎಲ್ಲಿ ನುಗ್ಗಿದನೋ ಅಲ್ಲಿಗೆ ಧಾವಿಸಿ, ಒಟ್ಟಾಗಿ ಎರಗಬೇಕೆಂಬುದು ಯೋಜನೆ. ಹೆಲ್‌ಕ್ಯಾಟಿಗೆ ಗಂಟೆಗೆ 88 ಕಿ.ಮೀ. ವೇಗ ಬೇಕಾದದ್ದು ಇದಕ್ಕಾಗಿಯೇ.

ಆದರೆ ಈ ಯೋಜನೆಗೆ ಶತ್ರು ಒಪ್ಪಬೇಕಲ್ಲವೇ? ಅಮೆರಿಕನ್ನರು 1944ರಲ್ಲಿ ಫ್ರಾನ್ಸಿಗೆ ಇಳಿಯುವ ಹೊತ್ತಿಗೆ ಮುಂದೆ ನುಗ್ಗುತ್ತಿದ್ದವರು ಅವರೇ ಆಗಿದ್ದರು; ಜರ್ಮನ್ನರು ಹೆಚ್ಚಾಗಿ ಹೊಂಚು ಹಾಕಿ ಕೂತಿದ್ದರು. ನೂರು ಟ್ಯಾಂಕುಗಳ ಪ್ರವಾಹಕ್ಕೆಂದು ಕಟ್ಟಿದ ಅಣೆಕಟ್ಟಿನ ಮುಂದೆ ನೀರೇ ಬರಲಿಲ್ಲ. ಹಾಗಾಗಿ ಬೆಟಾಲಿಯನ್ನುಗಳನ್ನು ಒಡೆದು, ಒಂದೊಂದು ಕಂಪನಿಯನ್ನು, ಕೊನೆಗೆ ಒಂದೊಂದು ಪ್ಲಟೂನನ್ನು ಕಾಲಾಳು ಪಡೆಗಳಿಗೆ ಹಂಚಿದರು. ಅರಾಕೂರಿನ ನಾಲ್ಕು ಹೆಲ್‌ಕ್ಯಾಟ್‌ಗಳು ಗೆದ್ದದ್ದು ಮೆಕ್‌ನೇರ್ ಸಿದ್ಧಾಂತವನ್ನು ಪಾಲಿಸಿದ್ದರಿಂದಲ್ಲ.

ಶರಾವತಿ ತೀರ:
ಮೇಷ್ಟ್ರೇ, ಸಿದ್ಧಾಂತ ಬರೆದಂತೆಯೇ ಯುದ್ಧ ನಡೆದ ಒಂದಾದರೂ ಉದಾಹರಣೆ ಇದೆಯೇ?

ಮೇಷ್ಟ್ರು ದಾವಣಗೆರೆ:
ಅದಕ್ಕೆ ತೀರಾ ಹತ್ತಿರ ಬಂದದ್ದು 1943ರ ಮಾರ್ಚ್ 23ರಂದು ಟ್ಯುನೀಷಿಯಾದ ಎಲ್ ಗೆತ್ತಾರ್. ಜರ್ಮನ್ನರ 10ನೆಯ ಪ್ಯಾನ್ಸರ್ ಡಿವಿಷನ್ ಬೆಳಗಿನ ಜಾವ ಕಣಿವೆಯಲ್ಲಿ ಗುಂಪಾಗಿ ಬಂದಿತು. ಎದುರಿಗಿದ್ದ 601ನೆಯ ಬೆಟಾಲಿಯನ್ನಿನ ಬಳಿ ಇದ್ದದ್ದು ಹಾಫ್‌ಟ್ರ್ಯಾಕ್ (ಮುಂದೆ ಚಕ್ರ, ಹಿಂದೆ ಪಟ್ಟಿ ಇರುವ) ವಾಹನದ ಬೆನ್ನಿಗೆ ಕೂರಿಸಿದ ಹಳೆಯ 75 ಮಿ.ಮೀ. ಫಿರಂಗಿಗಳು. ಅವರು ದಿಬ್ಬಗಳ ಮರೆಯಲ್ಲಿ ನಿಂತು ಸುಮಾರು 30 ಟ್ಯಾಂಕುಗಳನ್ನು ಹೊಡೆದು ದಾಳಿಯನ್ನು ನಿಲ್ಲಿಸಿದರು, ಆದರೆ ತಮ್ಮ 36 ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡರು. ಸಹಾಯಕ್ಕೆಂದು ಧಾವಿಸಿ ಬಂದ 899ನೆಯ ಬೆಟಾಲಿಯನ್ನಿನ ಎಂ10 ಡಿಸ್ಟ್ರಾಯರ್ ವಾಹನಗಳೂ ಪೆಟ್ಟು ತಿಂದವು. ಗೆಲುವೆಂಬುದರಲ್ಲಿ ಅನುಮಾನವಿಲ್ಲ. ಒಂದೇ ಬೆಳಿಗ್ಗೆ ಅರ್ಧ ಬೆಟಾಲಿಯನ್ನನ್ನು ಕೊಟ್ಟು ಕೊಂಡ ಗೆಲುವು.

ಕೆಂಪುಕೋಟೆ ಹುಡುಗ:
ಶರ್ಮನ್ ಟ್ಯಾಂಕು ಬೇರೆ ಟ್ಯಾಂಕಿನೊಂದಿಗೆ ಕಾದಾಡಲೇಬಾರದೆಂದು, ಆ ಕೆಲಸ ಡಿಸ್ಟ್ರಾಯರ್‌ಗಳದ್ದು ಮಾತ್ರವೆಂದು ಅಮೆರಿಕದ ನಿಯಮವೇ ಇತ್ತೆಂದು ಓದಿದ್ದೇನೆ.

ಗಡಿನಾಡ ಓದುಗ:
ಎಲ್ಲೆಡೆ ಹರಡಿರುವ ತಪ್ಪು ತಿಳಿವಳಿಕೆಯಿದು. ಶತ್ರು ಟ್ಯಾಂಕು ಎದುರಾದರೆ ಹೊಡೆಯುವುದು ಟ್ಯಾಂಕು ಪಡೆಯ ಕೈಪಿಡಿಗಳಲ್ಲಿಯೇ ಇತ್ತು. ಶರ್ಮನ್‌ಗಳಿಗೆ ಕವಚಭೇದಿ ಗುಂಡುಗಳನ್ನು ಕೊಟ್ಟದ್ದು ಅಲಂಕಾರಕ್ಕಲ್ಲ. ಟ್ಯಾಂಕಿನ ಕೆಲಸಗಳ ಪಟ್ಟಿಯಲ್ಲಿ ಇನ್ನೊಂದು ಟ್ಯಾಂಕನ್ನು ಹೊಡೆಯುವುದು ಹತ್ತರಲ್ಲಿ ಒಂದು, ಅಷ್ಟೇ. ಕಾಲಾಳಿನ ಜೊತೆ ನಡೆಯುವುದು, ಮಷಿನ್‌ಗನ್ ಗೂಡುಗಳನ್ನು ಒಡೆಯುವುದು, ಸಾಲು ಮುರಿದ ಮೇಲೆ ಶತ್ರುವಿನ ಹಿಂಬದಿಗೆ ನುಗ್ಗುವುದು ಉಳಿದವು.

ಮಾದರಿ ಕಟ್ಟುವವ:
ಎಲ್ಲರೂ ಅಮೆರಿಕದಲ್ಲಿಯೇ ಸುತ್ತುತ್ತಿದ್ದೀರಿ. ಡಿಸ್ಟ್ರಾಯರ್‌ಗಳ ಬೆಲೆ ತಿಳಿಯಬೇಕಾದರೆ ಜರ್ಮನಿಯನ್ನು ನೋಡಬೇಕು. ಸ್ಟುಗ್ 3 ವಾಹನಕ್ಕೆ ಟರೆಟ್, ಅಂದರೆ ಫಿರಂಗಿ ಹೊತ್ತು ತಿರುಗುವ ಗೋಪುರ ಇಲ್ಲ, ಎತ್ತರ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು. ಜೋಳದ ಹೊಲದಲ್ಲಿ ನಿಂತರೆ ಕಣ್ಣಿಗೆ ಬೀಳದಷ್ಟು ತಗ್ಗು. ಒಂದಕ್ಕೆ ತಗಲುತ್ತಿದ್ದ ವೆಚ್ಚ 82,500 ರೈಶ್‌ಮಾರ್ಕ್; ಅದೇ ಅಡಿಗಟ್ಟಿನ ಮೇಲೆ ಕಟ್ಟಿದ ಪ್ಯಾನ್ಸರ್ 3 ಟ್ಯಾಂಕಿಗೆ 1,03,000ಕ್ಕೂ ಹೆಚ್ಚು. ಆ ಟ್ಯಾಂಕಿನ ಟರೆಟ್ಟಿನೊಳಗೆ ಹಿಡಿಸದ ಉದ್ದ ನಳಿಗೆಯ 75 ಮಿ.ಮೀ. ಫಿರಂಗಿ ಸ್ಟುಗ್‌ನಲ್ಲಿ ಹಿಡಿಸಿತು. ಯುದ್ಧದ ಕೊನೆಯ ಹೊತ್ತಿಗೆ ಇಂಥವು ಸುಮಾರು ಹತ್ತು ಸಾವಿರ ತಯಾರಾಗಿದ್ದವು. ಬಡವಾಗುತ್ತಿದ್ದ ಸೈನ್ಯವೊಂದು ಎರಡು ವರ್ಷ ಹೆಚ್ಚು ಕಾದಾಡಿದ್ದು ಇಂಥ ವಾಹನಗಳ ಬಲದಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೇಷ್ಟ್ರು ದಾವಣಗೆರೆ:
ಒಂದು ತಿದ್ದುಪಡಿ. ಸ್ಟುಗ್ ಹುಟ್ಟಿದ್ದು ಟ್ಯಾಂಕ್ ಡಿಸ್ಟ್ರಾಯರ್ ಆಗಿ ಅಲ್ಲ. ಕಾಲಾಳಿನ ಜೊತೆಗೆ ಹೋಗುವ ಫಿರಂಗಿ ಬೇಕೆಂದು 1935ರಲ್ಲಿ ಜರ್ಮನ್ ಸೇನಾಧಿಕಾರಿ ಮಾನ್‌ಸ್ಟೈನ್ ಮಂಡಿಸಿದ ಯೋಚನೆಯ ಕೂಸು ಅದು. ಅದರ ಸಿಬ್ಬಂದಿ ಟ್ಯಾಂಕು ಪಡೆಗಲ್ಲ, ಫಿರಂಗಿದಳಕ್ಕೆ ಸೇರಿದವರು. ರಷ್ಯಾದಲ್ಲಿ ಸೋವಿಯತ್ ಟಿ-34 ಟ್ಯಾಂಕು ಎದುರಾದ ಮೇಲೆ ಉದ್ದದ ನಳಿಗೆ ಬಂದು, ಟ್ಯಾಂಕು ಹೊಡೆಯುವುದೂ ಅದರ ಕಸುಬಾಯಿತು.

ಮಾದರಿ ಕಟ್ಟುವವ:
ಒಪ್ಪಿದೆ ಮೇಷ್ಟ್ರೇ. ಆದರೆ ಯಾವ ದಳದ ಲೆಕ್ಕಕ್ಕೆ ಸೇರಿತ್ತೆಂಬುದು ಗುಂಡು ತಿಂದ ಟ್ಯಾಂಕಿಗೆ ಗೊತ್ತಾಗುವುದಿಲ್ಲವಲ್ಲ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಾನು ಜರ್ಮನ್ ಡಿಸ್ಟ್ರಾಯರ್ ಆದ ಹೆಟ್ಸರ್ ವಾಹನದ ಮಾದರಿಯೊಂದನ್ನು ಒಳಭಾಗ ಸಮೇತ ಕಟ್ಟಿದ್ದೇನೆ. 15.75 ಟನ್ ತೂಕದ ಪುಟ್ಟ ವಾಹನ. ಮುಂಭಾಗದ 60 ಮಿ.ಮೀ. ಕವಚ ಹಿಂದಕ್ಕೆ ಬಾಗಿರುವುದರಿಂದ ಎದುರಿನಿಂದ ಬಂದ ಗುಂಡಿಗೆ ಅದರ ದುಪ್ಪಟ್ಟು ದಪ್ಪ ಸಿಕ್ಕಂತಾಗುತ್ತದೆ. ಕಾಗದದ ಮೇಲೆ ಬಹಳ ಚೆಂದ. ಒಳಗಿನ ತುಂಡುಗಳನ್ನು ಜೋಡಿಸುವಾಗ ಬೇರೆಯದೇ ಚಿತ್ರ ಕಂಡಿತು. ಫಿರಂಗಿಯನ್ನು ಬಲಬದಿಗೆ ಸರಿಸಿ ಕೂರಿಸಿದ್ದಾರೆ. ಚಾಲಕ, ಗುರಿಕಾರ, ಗುಂಡು ತುಂಬುವವ ಮೂವರೂ ಎಡಬದಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಕೂರಬೇಕು. ಆ ಫಿರಂಗಿಗೆ ಗುಂಡು ತುಂಬುವ ವ್ಯವಸ್ಥೆ ಇರುವುದು ಬಲಗಡೆಯಿಂದ, ತುಂಬುವವನು ಕೂತಿರುವುದು ಎಡಗಡೆ. ಭಾರವಾದ ಗುಂಡನ್ನು ಹಿಡಿದು ಫಿರಂಗಿಯ ಮೇಲಿಂದ ಕೈ ಚಾಚಿ ತುಂಬಬೇಕು. ನಳಿಗೆ ಎಡಕ್ಕೆ ತಿರುಗುವುದು 5 ಡಿಗ್ರಿ, ಬಲಕ್ಕೆ 11 ಡಿಗ್ರಿ, ಅಷ್ಟೇ. ಗುರಿ ಅದಕ್ಕಿಂತ ಆಚೆ ಸರಿದರೆ ಎಂಜಿನ್ ಎಬ್ಬಿಸಿ ಇಡೀ ವಾಹನವನ್ನೇ ತಿರುಗಿಸಬೇಕು. ಅಲ್ಲಿಗೆ ಅಡಗಿದ್ದ ಜಾಗ ಬಯಲಾಗುತ್ತದೆ. ಆ ಎಡಮೂಲೆಯಲ್ಲಿ ಕೂತಿದ್ದ ಹುಡುಗರನ್ನು ನೆನೆದು ಅಂದು ಬಹಳ ಹೊತ್ತು ಕೆಲಸ ಮುಂದುವರಿಸಲಾಗಲಿಲ್ಲ.

ನಿವೃತ್ತ ಸಿಪಾಯಿ, ಗೋಕಾಕ:
ಗುಂಡು ಹಾರಿಸಿದ ಮೇಲೆ ಜಾಗ ಬಯಲಾಗುವ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಕಾಲಾಳು ಪಡೆಯಲ್ಲಿದ್ದಾಗ 106 ಮಿ.ಮೀ. ಆರ್‌ಸಿಎಲ್ (ರಿಕಾಯಿಲ್‌ಲೆಸ್, ಹಿಮ್ಮೆಟ್ಟು ಒದೆತವಿಲ್ಲದ) ಗನ್ನಿನ ತರಬೇತಿ ಪಡೆದವನು. ಜೀಪಿನ ಮೇಲೆ ಕೂರಿಸುವ ಈ ಗನ್ನಿಗೆ ಕವಚವೆಂಬುದೇ ಇಲ್ಲ, ಮೈಮೇಲಿನ ಅಂಗಿಯೇ ಕವಚ. ನಳಿಗೆಯ ಮೇಲೊಂದು ಚಿಕ್ಕ ಸ್ಪಾಟಿಂಗ್ ರೈಫಲ್ ಇರುತ್ತದೆ. ಮೊದಲು ಅದರಿಂದ ಗುರಿ ಪರೀಕ್ಷಿಸಬೇಕು. ಗುಂಡು ತಗಲಿದ ಕಡೆ ಬಿಳಿ ಹೊಗೆ ಕಂಡರೆ ಆಗ ದೊಡ್ಡ ಗನ್ನನ್ನು ಹಾರಿಸಬೇಕು. ಹಾರಿಸಿದ ಕ್ಷಣ ಹಿಂದಿನಿಂದ ಬೆಂಕಿ ಚಿಮ್ಮಿ, ಒಣನೆಲವಾದರೆ ಮನೆಯೆತ್ತರದ ಧೂಳು ಏಳುತ್ತದೆ. ಎರಡು ಮೈಲಿ ದೂರದಲ್ಲಿರುವವನಿಗೂ ನೀವೆಲ್ಲಿದ್ದೀರೆಂದು ತಿಳಿಯುತ್ತದೆ. ನಮ್ಮ ಉಸ್ತಾದರು ಕಲಿಸಿದ ಮೊದಲ ಪಾಠ ಗುರಿ ಹಿಡಿಯುವುದಲ್ಲ; ಗುಂಡು ಹಾರಿಸಿದ ಮೇಲೆ ಯಾವ ದಾರಿಯಲ್ಲಿ ಹೊರಡಬೇಕೆಂಬುದನ್ನು ಮೊದಲೇ ನೋಡಿಟ್ಟುಕೊಳ್ಳುವುದು.

1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್ ಕಾಳಗದಲ್ಲಿ, ಚೀಮಾ ಗ್ರಾಮದ ಬಳಿ 4 ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್ ಅವರು ಇದೇ ಗನ್ನಿನ ಜೀಪಿನಿಂದ, ಎತ್ತರದ ಬೆಳೆಯ ಮರೆಯಲ್ಲಿ ಜಾಗ ಬದಲಿಸುತ್ತ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಂದರ ಹಿಂದೆ ಒಂದರಂತೆ ಕೆಡವಿದರು. ಅಲ್ಲಿಯೇ ಪ್ರಾಣಬಿಟ್ಟರು, ಪರಮವೀರ ಚಕ್ರ ಪಡೆದರು. ಅವರ ಹೆಸರನ್ನು ಬರೆಯುವಾಗ ಇಂದಿಗೂ ನನ್ನ ಕೈ ನಿಧಾನವಾಗುತ್ತದೆ. ಟ್ಯಾಂಕಿನ ವೈರಿಗೆ ಕವಚ ಇರಲೇಬೇಕೆಂದೇನೂ ಇಲ್ಲ.

ಕೆಂಪುಕೋಟೆ ಹುಡುಗ:
ಸಿಪಾಯಿ ಕಾಕಾ, ನಿಮಗೆ ನಮಸ್ಕಾರ. ಹಾಗಾದರೆ ಅಸಲ್ ಉತ್ತರ್ ಗೆದ್ದದ್ದು ಜೀಪುಗಳೇ?

ನಿವೃತ್ತ ಸಿಪಾಯಿ, ಗೋಕಾಕ:
ಇಲ್ಲ ತಮ್ಮಾ, ಜೀಪೊಂದೇ ಅಲ್ಲ. ಹೊಲಗಳಿಗೆ ನೀರು ಬಿಟ್ಟು ನೆಲವನ್ನು ಕೆಸರು ಮಾಡಿದ್ದರು. 3 ಕ್ಯಾವಲ್ರಿಯ ಸೆಂಚೂರಿಯನ್‌ಗಳು, ಡೆಕ್ಕನ್ ಹಾರ್ಸ್‌ನ ಶರ್ಮನ್‌ಗಳು ಕುದುರೆ ಲಾಳದ ಆಕಾರದಲ್ಲಿ ಹೊಂಚು ಹಾಕಿದ್ದವು. ನಮ್ಮ ಲೆಕ್ಕದಂತೆ ಪಾಕಿಸ್ತಾನ ಅಲ್ಲಿ ಕಳೆದುಕೊಂಡದ್ದು 97 ಟ್ಯಾಂಕು. ಟ್ಯಾಂಕು, ಜೀಪು, ಫಿರಂಗಿ, ಕೆಸರು ಎಲ್ಲವೂ ಸೇರಿ ಆದ ಕೆಲಸವದು.

ಗಡಿನಾಡ ಓದುಗ:
ಸಿಪಾಯಿಯವರ ಮಾತಿಗೆ ಅಂಕಿಅಂಶದ ಬೆಂಬಲವೂ ಇದೆ. ಅಮೆರಿಕದ ಸೈನ್ಯದ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿ 1954ರಲ್ಲಿ, ತನ್ನ 3 ಮತ್ತು 4ನೆಯ ಆರ್ಮರ್ಡ್ ಡಿವಿಷನ್‌ಗಳು ಯುರೋಪಿನಲ್ಲಿ ನಡೆಸಿದ ಟ್ಯಾಂಕು ಕಾಳಗಗಳನ್ನು ಒಂದೊಂದಾಗಿ ಪರಿಶೀಲಿಸಿತು. ಯಾರ ವಾಹನ ಯಾವುದೆಂಬುದಕ್ಕಿಂತ, ಯಾರು ರಕ್ಷಣೆಯಲ್ಲಿ ನಿಂತಿದ್ದರು, ಯಾರು ಮೊದಲು ಕಂಡು ಮೊದಲು ಹೊಡೆದರು ಎಂಬುದೇ ಫಲಿತಾಂಶವನ್ನು ಹೆಚ್ಚು ನಿರ್ಧರಿಸಿತ್ತು. ಡಿಸ್ಟ್ರಾಯರ್‌ಗಳು ಸಾಮಾನ್ಯವಾಗಿ ಕಾದು ಕೂತು ಹೊಡೆಯುತ್ತಿದ್ದವು, ಟ್ಯಾಂಕುಗಳು ಸಾಮಾನ್ಯವಾಗಿ ಬಯಲಿನಲ್ಲಿ ಮುಂದೆ ಸಾಗುತ್ತಿದ್ದವು. ಇವೆರಡರ ಹೊಡೆದ ಲೆಕ್ಕವನ್ನು ಅಕ್ಕಪಕ್ಕ ಇಟ್ಟರೆ ನೀವು ಅಳೆಯುವುದು ವಾಹನವನ್ನಲ್ಲ, ಕೂತವನಿಗೆ ಸಿಗುವ ಅನುಕೂಲವನ್ನು.

ಶರಾವತಿ ತೀರ:
ಈ ಮಾತು ನನ್ನ ವಾದದ ಬುಡಕ್ಕೇ ಕೊಡಲಿ ಹಾಕಿತು ಎಂಬುದನ್ನು ಒಪ್ಪುತ್ತೇನೆ. ಆದರೂ ಒಂದು ಉಳಿಯಿತು. ಹೊಂಚು ಹಾಕುವುದಕ್ಕೆಂದೇ ವಿಶೇಷವಾಗಿ ಕಟ್ಟಿದ ವಾಹನ ಆ ಕೆಲಸದಲ್ಲಿ ಟ್ಯಾಂಕಿಗಿಂತ ಮೇಲಾಗಿರಬೇಕಲ್ಲವೇ? ಫರ್ಡಿನಾಂಡ್‌ನಂಥ 65 ಟನ್ನಿನ ಜರ್ಮನ್ ಡಿಸ್ಟ್ರಾಯರ್ ಕೋಟೆಯನ್ನು ಎದುರಿನಿಂದ ಯಾರೂ ಅಲ್ಲಾಡಿಸಲಾಗಲಿಲ್ಲವಲ್ಲ?

ಮಾದರಿ ಕಟ್ಟುವವ:
ಫರ್ಡಿನಾಂಡ್ ಹೆಸರು ತೆಗೆದದ್ದು ನಿಮ್ಮ ವಾದಕ್ಕೆ ಒಳ್ಳೆಯದಲ್ಲ. ಒಟ್ಟು ತಯಾರಾದವು ಸುಮಾರು 90; 1943ರ ಜುಲೈನಲ್ಲಿ ಬಹುತೇಕ ಎಲ್ಲವನ್ನೂ ರಷ್ಯಾದ ಕುರ್ಸ್ಕ್‌ನ ಉತ್ತರ ಭಾಗದಲ್ಲಿ ದಾಳಿಯ ಮುಂಚೂಣಿಗೆ ತಳ್ಳಿದರು. 88 ಮಿ.ಮೀ. ಫಿರಂಗಿ, 200 ಮಿ.ಮೀ. ಕವಚ, ಆದರೆ ಹತ್ತಿರ ಬಂದ ಕಾಲಾಳನ್ನು ಓಡಿಸಲು ಒಂದು ಮಷಿನ್‌ಗನ್ ಇರಲಿಲ್ಲ. ನೆಲಬಾಂಬುಗಳ ಮೇಲೆ ಹತ್ತಿ ಪಟ್ಟಿ ಕಳಚಿ ನಿಂತವು ಎಷ್ಟೋ. ಅಷ್ಟು ಭಾರವನ್ನು ಗುಂಡಿನ ಮಳೆಯಲ್ಲಿ ಎಳೆದು ತರುವವರಾರು? ಅಳಿದುಳಿದವನ್ನು ಕಾರ್ಖಾನೆಗೆ ಮರಳಿಸಿ, ಮಷಿನ್‌ಗನ್ ಇಟ್ಟು, ಎಲೆಫಾಂಟ್ ಎಂದು ಹೆಸರು ಬದಲಿಸಿದರು. ದೂರದಿಂದ ಹೊಡೆಯುವುದಕ್ಕೆ ಮಾಡಿದ್ದನ್ನು ಟ್ಯಾಂಕಿನಂತೆ ಮುನ್ನುಗ್ಗಿಸಿದ ತಪ್ಪಿದು.

ಸಾಗರದಾಚೆಯ ಕನ್ನಡತಿ:
ನಾನಿರುವ ಇಂಗ್ಲೆಂಡಿನಲ್ಲಿ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿರುವ ಯಾಗ್ಡ್‌ಟೈಗರ್ ಎಂಬ ಜರ್ಮನ್ ಡಿಸ್ಟ್ರಾಯರ್ ಎದುರು ನಿಂತಾಗ ಮೊದಲು ಬಂದದ್ದು ಭಯ. ನಳಿಗೆ 128 ಮಿ.ಮೀ., ತೂಕ 70 ಟನ್ನಿಗೂ ಹೆಚ್ಚು. ಆದರೆ ಅದನ್ನು ಎಳೆಯಬೇಕಾದ 700 ಅಶ್ವಶಕ್ತಿಯ ಮೇಬ್ಯಾಕ್ ಎಂಜಿನ್ನು 45 ಟನ್ನಿನ ಪ್ಯಾಂಥರ್‌ನಲ್ಲಿದ್ದದ್ದೇ ಎಂದು ಓದಿದಾಗ ಭಯ ಹೋಗಿ ಮರುಕ ಹುಟ್ಟಿತು. ಗುಂಡು ಒಂದು ತುಂಡು, ಮದ್ದು ಇನ್ನೊಂದು ತುಂಡು, ತುಂಬಲು ಇಬ್ಬರು. ತಯಾರಾದವು ನೂರಕ್ಕೂ ಕಡಿಮೆ; ಶತ್ರುವಿನ ಗುಂಡಿಗಿಂತ ಕೆಟ್ಟು ನಿಂತು, ಇಂಧನವಿಲ್ಲದೆ ನಿಂತು, ಸಿಬ್ಬಂದಿಯೇ ಸ್ಫೋಟಿಸಿ ಹೋದವೇ ಹೆಚ್ಚು.

ಅದೇ ಮ್ಯೂಸಿಯಂನಲ್ಲಿ ಬ್ರಿಟಿಷರ ಡಿಸ್ಟ್ರಾಯರ್ ಆದ ಆರ್ಚರ್ ಕೂಡ ಇದೆ. ವ್ಯಾಲಂಟೈನ್ ಟ್ಯಾಂಕಿನ ಅಡಿಗಟ್ಟಿನ ಮೇಲೆ 17 ಪೌಂಡರ್ ಫಿರಂಗಿಯನ್ನು ಹಿಂದುಮುಂದಾಗಿ ಕೂರಿಸಿದ್ದಾರೆ. ವಾಹನ ಮುಖ ಮಾಡಿದ ಕಡೆಗೆ ನಳಿಗೆಯ ಬೆನ್ನು. ಮಗಳು ಅದು ತಪ್ಪಿ ಜೋಡಿಸಿದ್ದೆಂದೇ ವಾದಿಸಿದಳು. ಆದರೆ ಹೊಂಚಿನಿಂದ ಹೊಡೆದು, ವಾಹನವನ್ನು ತಿರುಗಿಸದೆ ನೇರವಾಗಿ ಓಡಿಹೋಗಲು ಅದೇ ಅನುಕೂಲವಾಯಿತಂತೆ. ಸಿಪಾಯಿಯವರ ಉಸ್ತಾದರ ಪಾಠವನ್ನು ಓದಿದಾಗ ನನಗೆ ಆ ವಾಹನವೇ ಕಣ್ಣ ಮುಂದೆ ಬಂತು.

ನಿವೃತ್ತ ಸಿಪಾಯಿ, ಗೋಕಾಕ:
ತಾಯಿ, ಅಂಥ ಆರ್ಚರ್ ಒಂದು ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ, ಅಹಮದ್‌ನಗರದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂನಲ್ಲಿಯೂ ಇದೆ. ಉತ್ತರ ಕರ್ನಾಟಕದವರು ಅವಶ್ಯ ನೋಡಿ ಬರಬೇಕು.

ಮೇಷ್ಟ್ರು ದಾವಣಗೆರೆ:
ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಆ ಪಡೆ ಏಕೆ ಹೋಯಿತೆಂಬುದಕ್ಕೆ ಸೋವಿಯತ್ ಉದಾಹರಣೆಯೇ ನೇರವಾದ ಉತ್ತರ. 1943ರ ಆಗಸ್ಟ್‌ನಲ್ಲಿ ಎಸ್‌ಯು-85 ಎಂಬ ಡಿಸ್ಟ್ರಾಯರ್ ಬಂದಾಗ ಟಿ-34 ಟ್ಯಾಂಕಿನಲ್ಲಿದ್ದದ್ದು 76 ಮಿ.ಮೀ. ಫಿರಂಗಿ, ಜರ್ಮನ್ನರ ಭಾರಿ ಟ್ಯಾಂಕಾದ ಟೈಗರನ್ನು ಎದುರಿಸಲು 85 ಮಿ.ಮೀ. ಬೇಕಿತ್ತು, ಅದು ಟರೆಟ್ ಇಲ್ಲದ ವಾಹನದಲ್ಲಿ ಬೇಗ ಹಿಡಿಸಿತು. ಕೆಲವೇ ತಿಂಗಳಲ್ಲಿ, 1944ರ ಆರಂಭದಲ್ಲಿ, ಅದೇ ಅಳತೆಯ ಫಿರಂಗಿ ಟಿ-34-85 ಟ್ಯಾಂಕಿನ ಟರೆಟ್ಟಿಗೇ ಬಂದಿತು. ಆ ದಿನದಿಂದ ಎಸ್‌ಯು-85 ಮಾಡುವ ಕೆಲಸವನ್ನೆಲ್ಲ ಟ್ಯಾಂಕು ಮಾಡಬಲ್ಲದಾಗಿತ್ತು, ಟ್ಯಾಂಕು ಮಾಡುವುದನ್ನು ಎಸ್‌ಯು-85 ಮಾಡಲಾಗುತ್ತಿರಲಿಲ್ಲ. ಆದ್ದರಿಂದಲೇ ಅದನ್ನು ನಿಲ್ಲಿಸಿ 100 ಮಿ.ಮೀ. ಇರುವ ಎಸ್‌ಯು-100 ತಯಾರಿಸಿದರು. ಯುದ್ಧದ ನಂತರ ಟಿ-54 ಟ್ಯಾಂಕಿಗೆ 100 ಮಿ.ಮೀ. ಫಿರಂಗಿ ಬಂದಾಗ ಅದರ ಸರದಿಯೂ ಮುಗಿಯಿತು.

ಅಮೆರಿಕದಲ್ಲಿಯೂ ಇದೇ ಕಥೆ. ಶರ್ಮನ್‌ನ 75 ಮಿ.ಮೀ. ಎದುರು ಎಂ10ರ 3 ಇಂಚಿನ ಫಿರಂಗಿ ಮೇಲು. ಶರ್ಮನ್‌ಗೆ 76 ಮಿ.ಮೀ. ಬಂದಾಗ ಎರಡೂ ಸಮ. ಎಂ36 ಡಿಸ್ಟ್ರಾಯರ್‌ನ 90 ಮಿ.ಮೀ. ಮತ್ತೆ ಮುಂದೆ ಹೋಯಿತು. 1945ರಲ್ಲಿ ಪರ್ಶಿಂಗ್ ಟ್ಯಾಂಕು ಅದೇ 90 ಮಿ.ಮೀ. ಹೊತ್ತು ಬಂದಿತು. ತೆಳುಕವಚದ, ತೆರೆದ ಟರೆಟ್ಟಿನ ವಾಹನಕ್ಕೆ ಪ್ರತ್ಯೇಕ ಪಡೆ, ಪ್ರತ್ಯೇಕ ಶಾಲೆ ಇಟ್ಟುಕೊಳ್ಳಲು ಆಮೇಲೆ ಕಾರಣವೇ ಉಳಿಯಲಿಲ್ಲ.

ಗಡಿನಾಡ ಓದುಗ:
ತೆರೆದ ಟರೆಟ್ಟಿನ ಬಗ್ಗೆ ಒಂದು ಮಾತು. ತಲೆಯ ಮೇಲೆ ಮುಚ್ಚಳವಿಲ್ಲದ್ದರಿಂದ ಸುತ್ತ ನೋಡಲು, ಸದ್ದು ಕೇಳಲು, ಪಕ್ಕದ ಕಾಲಾಳಿನೊಂದಿಗೆ ಮಾತನಾಡಲು ಅನುಕೂಲವಿತ್ತು. ಮೊದಲು ಕಾಣುವುದಕ್ಕೆ ಅದೂ ಒಂದು ಕಾರಣ. ಆದರೆ ಕಾಡಿನಲ್ಲಿ ಮರದ ತುದಿಗೆ ಬಡಿದು ಸಿಡಿದ ಶೆಲ್ಲಿನ ಚೂರುಗಳು ನೇರವಾಗಿ ಒಳಗೇ ಬೀಳುತ್ತಿದ್ದವು. ಹಾಗಾಗಿ ಎಷ್ಟೋ ಸಿಬ್ಬಂದಿ ತಾವೇ ಲೋಹದ ಹಲಗೆಗಳಿಂದ ಮಾಡು ಕಟ್ಟಿಕೊಂಡರು. ಎಂ10ರ ಟರೆಟ್ಟನ್ನು ಕೈಚಕ್ರದಿಂದಲೇ ತಿರುಗಿಸಬೇಕಿತ್ತು. ಪೂರ್ತಿ ಒಂದು ಸುತ್ತಿಗೆ ಒಂದು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು.

ಇಷ್ಟಾದರೂ ಕಾಲಾಳುಗಳು ಅವನ್ನು ಬಿಟ್ಟುಕೊಡಲು ಒಪ್ಪುತ್ತಿರಲಿಲ್ಲ. ಇಟಲಿಯಲ್ಲಿ ಅವು ದೂರದ ಗುರಿಗೆ ಹೊಡೆಯುವ ಫಿರಂಗಿಗಳಾದವು, ಜರ್ಮನಿಯ ಗಡಿಯಲ್ಲಿ ಕಾಂಕ್ರೀಟಿನ ಗೂಡುಗಳನ್ನು ಒಡೆಯುವ ಸುತ್ತಿಗೆಗಳಾದವು. ಟ್ಯಾಂಕು ಹೊಡೆಯಲೆಂದೇ ಹುಟ್ಟಿದ ಆ ವಾಹನಗಳು ಹಾರಿಸಿದ್ದರಲ್ಲಿ ಕವಚಭೇದಿ ಗುಂಡಿಗಿಂತ ಸ್ಫೋಟಕ ಗುಂಡುಗಳೇ ಹೆಚ್ಚು. ಆ ಹುಡುಗರ ಶ್ರಮಕ್ಕೆ ಸಲ್ಲಬೇಕಾದ ಗೌರವವನ್ನು 15ಕ್ಕೆ 3 ಎಂಬ ಲೆಕ್ಕಕ್ಕಿಂತ ಇಲ್ಲಿ ಹುಡುಕಬೇಕೆಂದು ನಾನು ನಂಬುತ್ತೇನೆ.

ಕೆಂಪುಕೋಟೆ ಹುಡುಗ:
ಮೆಕ್‌ನೇರ್ ಇದಕ್ಕೆ ಏನು ಹೇಳಿದರು?

ಮೇಷ್ಟ್ರು ದಾವಣಗೆರೆ:
ಹೇಳಲು ಅವರು ಉಳಿಯಲಿಲ್ಲ. 1944ರ ಜುಲೈ 25ರಂದು ನಾರ್ಮಂಡಿಯಲ್ಲಿ ದಾಳಿಯನ್ನು ನೋಡಲು ಮುಂಚೂಣಿಗೆ ಹೋಗಿದ್ದಾಗ, ತಪ್ಪಿ ಬಿದ್ದ ತಮ್ಮದೇ ವಿಮಾನಗಳ ಬಾಂಬಿಗೆ ಬಲಿಯಾದರು.

ಅವರು ಟ್ಯುನೀಷಿಯಾದ ನಂತರ ಮಾಡಿದ ಇನ್ನೊಂದು ತೀರ್ಮಾನವನ್ನೂ ಹೇಳಬೇಕು: ಅರ್ಧದಷ್ಟು ಬೆಟಾಲಿಯನ್ನುಗಳಿಗೆ ಫಿರಂಗಿ ಹೊತ್ತು ತಾನೇ ಓಡುವ ವಾಹನದ ಬದಲು ಬೇರೆ ವಾಹನ ಎಳೆದೊಯ್ಯುವ ಫಿರಂಗಿ ಕೊಟ್ಟರು. 1944ರ ಆಗಸ್ಟ್ 7ರಂದು ಮೊರ್ತೇನ್ ಬಳಿಯ ರಸ್ತೆತಡೆಯಲ್ಲಿ 823ನೆಯ ಬೆಟಾಲಿಯನ್ನಿನ ಇಂಥ ನಾಲ್ಕೇ ಫಿರಂಗಿಗಳು ಅದ್ಭುತವಾಗಿ ಕಾದವು. ಡಿಸೆಂಬರಿನ ಆರ್ಡೆನ್ಸ್ ಹಿಮದಲ್ಲಿ ಮಾತ್ರ, ಸಾಲು ಮುರಿದ ಮೇಲೆ ಹಿಂದಕ್ಕೆ ಎಳೆಯಲಾಗದೆ ಅಂಥವನ್ನು ರಾಶಿಗಟ್ಟಲೆ ಬಿಟ್ಟು ಬರಬೇಕಾಯಿತು.

ಶರಾವತಿ ತೀರ:
ಎಲ್ಲರಿಗೂ ಋಣಿ. ನನ್ನ ಪ್ರಶ್ನೆಯ ಎರಡನೆಯ ಭಾಗವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪಡೆಯನ್ನು ವಿಸರ್ಜಿಸಿದ್ದು ಸರಿಯೇ. ಮೊದಲ ಭಾಗವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ರಕ್ಷಣೆಯಲ್ಲಿ ನಿಂತ, ಹಣಕ್ಕೂ ಉಕ್ಕಿಗೂ ಬಡವಾದ ಸೈನ್ಯಕ್ಕೆ ಒಂದು ಟ್ಯಾಂಕಿನ ಬದಲು ಒಂದೂಕಾಲು ಸ್ಟುಗ್ ಸಿಗುವುದು ಕಡಿಮೆಯ ಮಾತಲ್ಲ. ಆದರೆ ಪಡೆ ಹೋದ ಮೇಲೆ ಆ ವಾಹನಗಳೆಲ್ಲ ಗುಜರಿಗೆ ಸೇರಿದವೇ?

ಮಾದರಿ ಕಟ್ಟುವವ:
ಇಲ್ಲ. ಎಷ್ಟೋ ಎಂ36 ಮತ್ತು ಹೆಲ್‌ಕ್ಯಾಟ್‌ಗಳನ್ನು ಅಮೆರಿಕ ಮಿತ್ರದೇಶಗಳಿಗೆ ಕೊಟ್ಟಿತು. ಪಾಕಿಸ್ತಾನಕ್ಕೂ ಎಂ36 ಹೋಗಿತ್ತು. ಯುಗೊಸ್ಲಾವಿಯಾಕ್ಕೆ ಹೋದ ಎಂ36ಗಳಲ್ಲಿ ಕೆಲವಕ್ಕೆ ಟಿ-55 ಟ್ಯಾಂಕಿನ ಡೀಸೆಲ್ ಎಂಜಿನ್ ಕೂರಿಸಿದರು, ಮತ್ತು 1990ರ ದಶಕದಲ್ಲಿ ಆ ದೇಶ ಒಡೆದಾಗ ಅವು ಕ್ರೊಯೇಷಿಯಾ, ಬೋಸ್ನಿಯಾಗಳಲ್ಲಿ ಮತ್ತೆ ಗುಂಡು ಹಾರಿಸಿದವು. ಸರ್ಬರು ಒಂದು ಹೆಲ್‌ಕ್ಯಾಟನ್ನು ಕವಚದ ರೈಲಿನ ಮೇಲೇರಿಸಿ ಬಳಸಿದರು.